ಮಲ್ಕೊಳ್ಳಿ ಬಿಡ್ರಿ

ನನಗೆ ಸಿಟ್ಟು ಬಂದರೆ ಬೇಗ ಇಳಿಯುವುದಿಲ್ಲ. ಅದು ನನ್ನ ತವರಿನ ಗುಣ ಎಂದು ಗಂಡ ಹೇಳುತ್ತಾರೆ, ಹೇಳಲಿ. ಅಮೆರಿಕದಲ್ಲಿ ಬಂದ ಸಿಟ್ಟನ್ನು ನಾನು ಎರಡು ವಿಮಾನ ಹತ್ತಿಸಿ, ಹೈದರಾಬಾದಿನಲ್ಲಿ ಇಳಿಸಿ, ಶಹಾಪುರದ ಮನೆಯವರೆಗೆ ಜೋಪಾನವಾಗಿ ತಂದೆ. ವಿಮಾನ ನಿಲ್ದಾಣದವರು ಉಳಿದಿದ್ದ ಶೇಂಗಾ ಹಿಂಡಿ ಚಟ್ನಿಯ ಡಬ್ಬಿ ತೆಗೆಸಿ ಮೂಸಿ ನೋಡಿದರು. ಸಿಟ್ಟನ್ನು ಯಾರೂ ತಪಾಸಣೆ ಮಾಡಲಿಲ್ಲ.

ಹೋದವರು ನಾಲ್ಕು ಜನ. ನಾನು, ಶಹಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಗಂಡ, ಶಾಲೆಗೆ ಹೋಗುವ ಮಗಳು, ಮತ್ತೆ ಯಾದಗಿರಿಯಲ್ಲಿರುವ ನನ್ನ ಗಂಡನ ಅಕ್ಕ. ನಾನೂ ಅವರನ್ನು ಅಕ್ಕ ಎಂದೇ ಕರೆಯುವುದು. ಟೂರಿನವರ ಜೊತೆ ಹೋಗೋಣ ಎಂದು ಹೊರಡಿಸಿದವರು ಅವರೇ. ನ್ಯೂಯಾರ್ಕಿನ ಎತ್ತರದ ಕಟ್ಟಡಗಳು ನನಗೆ ಬೇಕಿರಲಿಲ್ಲ. ಬೇಕಿದ್ದದ್ದು ನಯಾಗರಾ ಒಂದೇ. ನನ್ನ ತವರೂರು ಗೋಗಿಯಲ್ಲಿ ನಮ್ಮಪ್ಪನ ಹಿಟ್ಟಿನ ಗಿರಣಿಯ ಗೋಡೆಗೆ ಆ ಜಲಪಾತದ ಕ್ಯಾಲೆಂಡರ್ ಇತ್ತು. ವರ್ಷ ಮುಗಿದಾಗ ತಾರೀಕಿನ ಹಾಳೆ ಹರಿದು ಹಾಕಿದರು, ಚಿತ್ರ ಉಳಿಯಿತು. ಅದರ ಮೇಲೆ ಹಿಟ್ಟಿನ ಧೂಳು ಕೂತಾಗಲೆಲ್ಲ ನಾನು ಲಂಗದ ಅಂಚಿನಿಂದ ಒರೆಸುತ್ತಿದ್ದೆ. ಬಾವಿಯಿಂದ ಕೊಡ ಹೊತ್ತು ಬರುವಾಗ, ಇಷ್ಟೊಂದು ನೀರು ಒಂದೇ ಕಡೆ ಬೀಳುವುದನ್ನು ಸಾಯುವುದರೊಳಗೆ ಒಮ್ಮೆ ನೋಡಬೇಕು ಅಂದುಕೊಳ್ಳುತ್ತಿದ್ದೆ.

ಅಮೆರಿಕದಲ್ಲಿ ಇಳಿದೆವು, ಆದರೆ ಮೈ ಶಹಾಪುರದಲ್ಲೇ ಉಳಿಯಿತು. ಇಲ್ಲಿ ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಅಲ್ಲಿ ನಡುರಾತ್ರಿ, ನನ್ನ ಕಣ್ಣು ಪಿಳಿಪಿಳಿ. ಅಲ್ಲಿ ಮಟಮಟ ಮಧ್ಯಾಹ್ನವಾದರೆ ಇಲ್ಲಿ ಊರೆಲ್ಲ ಮಲಗಿರುವ ಹೊತ್ತು, ನಿಂತಲ್ಲೇ ತೂಕಡಿಕೆ. ಇದಕ್ಕೆ ಜೆಟ್ ಲ್ಯಾಗ್ ಅನ್ನುತ್ತಾರೆ, ಬಿಸಿಲಿನಲ್ಲಿ ಓಡಾಡಿ ಎಂದ ಟೂರಿನವನು. ಅಕ್ಕ ಕೆಟಲಿನಲ್ಲಿ ಕಡಕ್ ಚಹಾ ಕಾಸಿ ಕುಡಿಸಿದರು. ಮಗಳು ಬಂದ ಮರುದಿನವೇ ಅಲ್ಲಿಯವಳಾಗಿಬಿಟ್ಟಳು. ನನಗೆ ಯಾವುದೂ ನಾಟಲಿಲ್ಲ.

ನಯಾಗರಾಕ್ಕೆ ಬಸ್ಸು ಹೊರಟ ದಿನ ನಾನು ದವಡೆಯಲ್ಲಿ ಲವಂಗ ಕಚ್ಚಿಕೊಂಡು ಕೂತೆ. ತಣ್ಣೀರಿನಲ್ಲಿ ಕರವಸ್ತ್ರ ನೆನೆಸಿ ಕಣ್ಣಿಗೆ ಒತ್ತಿಕೊಂಡೆ. ಆದರೂ ನಂಬಿಕೆ ಸಾಲದೆ ಎಲ್ಲರಿಗೂ ಕೇಳುವಂತೆ ಹೇಳಿದೆ: "ನಾ ಏನಾರ ಮಲಗಿದ್ರ ಎಬ್ಬಿಸ್ರಿ. ಬಡದಾದ್ರೂ ಎಬ್ಬಿಸ್ರಿ."

"ಎಬ್ಬಸ್ತೀವಿ ತಗೊ," ಎಂದರು ಅಕ್ಕ. ಗಂಡ ತಲೆಯಾಡಿಸಿದರು.

ಎಚ್ಚರವಾದಾಗ ಬಸ್ಸಿನಲ್ಲಿ ನಾನೊಬ್ಬಳೇ ಇದ್ದೆ. ಎಲ್ಲೋ ಗಿರಣಿ ಓಡುವಂಥ ಸದ್ದು ಒಂದೇ ಸಮ ಕೇಳುತ್ತಿತ್ತು. ಚಪ್ಪಲಿ ಹುಡುಕುತ್ತಿರುವಾಗಲೇ ಜನ ವಾಪಸು ಹತ್ತತೊಡಗಿದರು, ಎಲ್ಲರ ತಲೆಯೂ ಒದ್ದೆ. ಮಗಳು ಓಡಿಬಂದು, "ಅವ್ವ, ಭಾಳ ನೀರಿತ್ತು," ಎಂದಳು. ನಾನು ಇಳಿಯಲು ಹೋದರೆ ಟೂರಿನವನು ಚಪ್ಪಾಳೆ ತಟ್ಟಿ ಎಲ್ಲರನ್ನೂ ಕೂರಿಸಿದ, ಬಸ್ಸು ಹೊರಟೇಬಿಟ್ಟಿತು.

"ಯಾಕ ಎಬ್ಬಿಸಲಿಲ್ಲ?" ಎಂದೆ.

ಅಕ್ಕ ನನ್ನ ಮುಖ ನೋಡಲಿಲ್ಲ. "ಭಾಳ ದಣದಿದ್ದೆವ್ವ. ಮಲ್ಕೊಳ್ಳಿ ಅಂತ ಬಿಟ್ವಿ," ಎಂದರು.

ಗಂಡ ಫ್ರಿಜ್ಜಿಗೆ ಅಂಟಿಸುವ ಪುಟ್ಟ ಜಲಪಾತ ಕೊಂಡು ತಂದಿದ್ದರು, ಅದನ್ನು ನನ್ನ ಕೈಯಲ್ಲಿಟ್ಟರು. ಹೆಬ್ಬೆರಳಿನಷ್ಟಿತ್ತು. ಗೋಗಿಯಿಂದ ಹೊರಟ ನನಗೆ ದಕ್ಕಿದ ನಯಾಗರಾ ಅದು. ಅಳು ಬರಲಿಲ್ಲ, ಬಂದದ್ದು ಸಿಟ್ಟು. ಈ ಅಕ್ಕನಿಗೆ ನಾನು ಬುದ್ಧಿ ಕಲಿಸದಿದ್ದರೆ ಕೇಳಿ ಅಂದುಕೊಂಡೆ.

ಸುಮ್ಮನಿದ್ದಿದ್ದರೆ ನಾನೂ ಮರೆಯುತ್ತಿದ್ದೆನೋ ಏನೋ. ಆದರೆ ಊರಿಗೆ ಬಂದದ್ದೇ ತಡ, ಅಕ್ಕ ಫೋನು ಹಿಡಿದು ಯಾದಗಿರಿಯಿಂದ ಕೆಂಭಾವಿಯವರೆಗೆ ಇದ್ದಬದ್ದ ನೆಂಟರಿಗೆಲ್ಲ ನನ್ನ ನಿದ್ದೆಯ ಕಥೆ ಹೇಳಿ ಮುಗಿಸಿದರು. ಆ ವಾರವೇ ಸುರಪುರದಲ್ಲಿ ನನ್ನ ಮೈದುನನ ಮಗುವಿನ ತೊಟ್ಟಿಲ ಕಾರ್ಯ, ಮೈದುನನ ಹೆಂಡತಿಯ ತವರುಮನೆಯಲ್ಲಿ. ನಾವು ಹೊಸ್ತಿಲು ದಾಟುವ ಮೊದಲೇ ಒಳಗಿನಿಂದ ಒಬ್ಬಳು, "ನಯಾಗರಾದಾಗ ನಿದ್ದಿ ಹೊಡದಾಕಿ ಬಂದ್ಳು ನೋಡ್ರಿ," ಎಂದಳು. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಹೇಗೆ ನಕ್ಕೆ ಎಂದು ನನಗೇ ಗೊತ್ತು.

ಆ ದಿನದ ದೊಡ್ಡಮನುಷ್ಯಳು ಅಕ್ಕ. ನಮ್ಮ ಕಡೆ ಮಗುವಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ಆಕೆ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಹೇಳಬೇಕು. ಹೇಳಿದ ಕೂಡಲೇ ಸುತ್ತಲಿನ ಹೆಂಗಸರು ಆಕೆಯ ಬೆನ್ನಿಗೆ ದಬದಬ ಗುದ್ದಬೇಕು. ಗುದ್ದು ಬಿದ್ದಷ್ಟೂ ಅತ್ತೆಗೆ ಹೆಚ್ಚುಗಾರಿಕೆ. ನನ್ನ ಮಗಳ ತೊಟ್ಟಿಲ ಕಾರ್ಯದ ದಿನ ಅಕ್ಕನ ಮನೆಯಲ್ಲಿ ಸಾವಾಗಿ ಅವರಿಗೆ ಬರಲಾಗಿರಲಿಲ್ಲ. ಹಾಗಾಗಿ ಈ ಮಗುವಿಗೆ ತಾವು ಆರಿಸಿದ ಹೆಸರನ್ನು ಅಮೆರಿಕದ ತುಂಬ ಜಪಿಸುತ್ತಾ ಓಡಾಡಿದ್ದರು. ತಮ್ಮಂದಿರ ಮನೆಯಲ್ಲಿ ಇನ್ನೊಂದು ತೊಟ್ಟಿಲು ಕಟ್ಟುವ ಮಾತಿಲ್ಲ, ಇದೇ ಕಡೆಯದು ಎನ್ನುತ್ತಿದ್ದರು.

ಊಟವಾಯಿತು. ಹೋಗುವಾಗ ನನ್ನನ್ನು ಹಿಡಿದಿದ್ದ ಜೆಟ್ ಲ್ಯಾಗು ಬರುವಾಗ ಅಕ್ಕನನ್ನು ಹಿಡಿದಿತ್ತು. ಕೂತಲ್ಲೇ ಕತ್ತು ವಾಲುತ್ತಿತ್ತು. "ಸ್ವಲ್ಪ ಅಡ್ಡ ಆಗ್ತೀನೆವ್ವ. ತೊಟ್ಟಿಲ ಹೊತ್ತಿಗೆ ಎಬ್ಬಸು," ಎಂದು ನನಗೇ ಹೇಳಿ ಒಳಕೋಣೆಗೆ ಹೋದರು.

"ಎಬ್ಬಸ್ತೀನಿ ತಗೋರಿ," ಎಂದೆ.

ಪಡಸಾಲೆಗೆ ಹಂಚುವ ಗುಗ್ಗರಿ ಬಂತು, ತೊಟ್ಟಿಲಿಗೆ ಹೂವು ಕಟ್ಟಿದರು. ಹೆಂಗಸರು ಭೀಮಾ ಹೊಳೆ ತುಂಬಿ ಬಂದ ಮಾತಾಡುತ್ತಿದ್ದರು, ಯಾದಗಿರಿಯ ಸೇತುವೆಯ ಮೇಲೆ ನೋಡುವವರ ಜಾತ್ರೆಯೇ ನೆರೆದಿದೆಯಂತೆ. ನಾನು ಎದ್ದು ಒಳಗೆ ಹೋದೆ. ಅಕ್ಕ ಬಾಯಿ ತೆರೆದು ಮಲಗಿದ್ದರು. ಎಬ್ಬಿಸಬೇಕೆಂದು ಒಂದು ಕ್ಷಣವೂ ಅನ್ನಿಸಲಿಲ್ಲ. ಫ್ಯಾನ್ ಜೋರು ಮಾಡಿ, ಕಿಟಕಿಯ ಪರದೆ ಎಳೆದು, ಬಾಗಿಲು ಮುಂದಕ್ಕೆ ಮಾಡಿ ಬಂದೆ. ಆ ಬಾಗಿಲು ಎಳೆಯುವಾಗ ಆದಷ್ಟು ಖುಷಿ ನನಗೆ ಅಮೆರಿಕದಲ್ಲಿ ಎಲ್ಲೂ ಆಗಿರಲಿಲ್ಲ.

"ಅತ್ತಿ ಎಲ್ಲಿ? ಅಯ್ಯನೋರು ಹೇಳಿದ ಮುಹೂರ್ತ ಮೀರ್ತದ," ಎಂದು ಆ ಮನೆಯ ಯಜಮಾನತಿ ಕೇಳಿದರು.

"ಭಾಳ ದಣದಾರ್ರಿ. ಮಲ್ಕೊಳ್ಳಿ ಬಿಡ್ರಿ," ಎಂದೆ.

ನನ್ನ ಗಂಡ ಹೊರಗೆ ಗಂಡಸರ ಸಾಲಿನಲ್ಲಿದ್ದರು, ಅವರಿಗೆ ತಿಳಿಯಲಿಲ್ಲ. ಕೆಂಭಾವಿಯಿಂದ ಬಂದಿದ್ದ, ಗಂಡನ ಚಿಕ್ಕಪ್ಪನ ಮಗಳನ್ನು ಕೂರಿಸಿದರು. ಅವಳೂ ಸೋದರತ್ತೆಯೇ ಅಲ್ಲವೇ. ಅಕ್ಕ ಆರಿಸಿದ ಹೆಸರನ್ನು ಅವಳು ಕಿವಿಯಲ್ಲಿ ಹೇಳಿದಳು. ಹೆಂಗಸರು ಹೋ ಎಂದು ಗುದ್ದಿದರು.

ಆ ಗದ್ದಲಕ್ಕೆ ಅಕ್ಕ ಎದ್ದು ಬಂದರು. ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು. ಸೆರಗು ಸರಿಪಡಿಸಿಕೊಳ್ಳುತ್ತಾ ತೊಟ್ಟಿಲು ನೋಡಿದರು, ಕೆಂಭಾವಿಯವಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಯಾಕ ಎಬ್ಬಸಲಿಲ್ಲೆವ್ವ?"

ನಾನು ಇಷ್ಟು ದಿನ ಕಾದಿದ್ದ ಮಾತು. "ಭಾಳ ದಣದಿದ್ರಿ. ಮಲ್ಕೊಳ್ಳಿ ಅಂತ ಬಿಟ್ಟೆ."

ಅಕ್ಕ ಜಗಳಕ್ಕೆ ಬರಲಿಲ್ಲ. ನನ್ನ ರಟ್ಟೆ ಹಿಡಿದು ಅಡುಗೆಮನೆಯ ಕಡೆ ಕರೆದೊಯ್ದು ಮೆಲ್ಲಗೆ ಹೇಳಿದರು: "ಅವತ್ತ ನಾ ನಿನ್ನ ಭುಜ ಹಿಡದು ಅಳ್ಳಾಡ್ಸಾಕತ್ತಿದ್ದೆ. ನಿನ್ನ ಗಂಡನೇ ಬ್ಯಾಡ ಅಂದ. ಮಲ್ಕೊಳ್ಳಿ ಬಿಡಕ್ಕ, ಎದ್ರ ಅಲ್ಲಿ ನಿಂತು ಫೋಟೊ ತಗಿ, ಇಲ್ಲಿ ನಿಂತು ಫೋಟೊ ತಗಿ ಅಂತ ತಲಿ ತಿಂತಾಳ ಅಂದ. ಪರದೇಶದಾಗ ಗಂಡ ಹೆಂಡ್ತಿ ಜಗಳ ಬ್ಯಾಡಂತ ನನ್ನ ಮ್ಯಾಲ ಹಾಕ್ಕೊಂಡೆ."

ಅಕ್ಕ ಪಡಸಾಲೆಗೆ ಹೋಗಿ ತೊಟ್ಟಿಲಿಗೆ ಬಗ್ಗಿ, ತಮ್ಮ ಪಾಡಿಗೆ ತಾವು ಮಗುವಿನ ಕಿವಿಯಲ್ಲಿ ಹೆಸರು ಹೇಳಿದರು. ಯಾರೂ ಗುದ್ದಲಿಲ್ಲ. ಎಲ್ಲರೂ ಗುಗ್ಗರಿ ತಿನ್ನುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಹೋಗಿ ಅವರ ಬೆನ್ನಿಗೆ ಗುದ್ದಿದೆ. ಮೆಲ್ಲಗೇನಲ್ಲ, ಊರೆಲ್ಲ ನನ್ನ ಕಥೆ ಹೇಳಿದ್ದಕ್ಕೂ ಸೇರಿಸಿಯೇ ಗುದ್ದಿದೆ. ಅಕ್ಕ ತಿರುಗಿ ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಇನ್ನೊಂದು ಹಾಕು," ಎಂದರು. ಆಮೇಲೆ ಉಳಿದವರೂ ಎದ್ದು ಬಂದರು.

ಸಂಜೆ ಅಕ್ಕ ಸುರಪುರದಲ್ಲೇ ಉಳಿದರು. ನಾವು ಮೂವರು ಯಾದಗಿರಿ ಬಸ್ಸು ಹತ್ತಿದೆವು, ನಾವು ನಡುವೆ ಶಹಾಪುರದಲ್ಲಿ ಇಳಿಯಬೇಕು. ನಾನು ಗಂಡನಿಗೆ ಒಂದು ಮಾತೂ ಕೇಳಲಿಲ್ಲ. ಅವರು ಹೊಟ್ಟೆ ತುಂಬ ಹೋಳಿಗೆ ಉಂಡಿದ್ದರು, ಮೇಲೆ ಜೆಟ್ ಲ್ಯಾಗು ಬೇರೆ. ಬಸ್ಸು ಸುರಪುರ ದಾಟುವ ಮೊದಲೇ ಕಿಟಕಿಗೆ ತಲೆ ಕೊಟ್ಟು ಗೊರಕೆ ಹೊಡೆಯತೊಡಗಿದರು. ನಾನು ಶಹಾಪುರಕ್ಕೆ ನನ್ನದೂ ಮಗಳದೂ ಟಿಕೆಟ್ ತೆಗೆದೆ. ಯಾದಗಿರಿಗೆ ಒಂದು ತೆಗೆದು ಅವರ ಅಂಗಿಯ ಜೇಬಿನಲ್ಲಿಟ್ಟೆ.

ಶಹಾಪುರದ ಸ್ಟ್ಯಾಂಡಿನಲ್ಲಿ ಮಗಳ ಕೈ ಹಿಡಿದು ಇಳಿದೆ. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಯಕ್ಕಾ, ನಿಮ್ಮ ಯಜಮಾನ್ರು ಇಳಿಯಂಗಿಲ್ಲೇನ್ರಿ?" ಎಂದ.

"ಭಾಳ ದಣದಾರಪ್ಪ. ಮಲ್ಕೊಳ್ಳಿ ಬಿಡು," ಎಂದೆ. ಬಸ್ಸು ಹೋಯಿತು. ಹೊತ್ತು ಇನ್ನೂ ಮುಳುಗಿರಲಿಲ್ಲ.

ಮನೆಗೆ ಬಂದು ಒಲೆ ಹಚ್ಚುವಾಗ ಫೋನು ಬಂತು. "ಎಬ್ಬಸಬಾರದೇನ? ಯಾದಗಿರಿಗೆ ಬಂದು ಬಿದ್ದೀನಿ," ಎಂದರು ಗಂಡ.

"ಎದ್ರ ನನ್ನ ತಲಿ ತಿಂತೀರಂತ ಬಿಟ್ಟೆ," ಎಂದೆ.

"ಅಕ್ಕ ಹೇಳಿದ್ಳೇನ?" ಎಂದರು. ಯಾರ ಮಾತು ಯಾರಿಗೆ ವಾಪಸು ಬಂತೆಂದು ಅವರಿಗೆ ತಿಳಿಯಿತು.

"ಅದಿರ್ಲಿ, ಭೀಮಾ ಹೊಳಿ ಎರಡೂ ದಂಡಿ ತುಂಬಿ ಹರಿಯಾಕತ್ತದಂತಲ್ರಿ. ಬ್ರಿಜ್ ಮ್ಯಾಲ ಬರಾಗ ನೋಡಿದ್ರೇನ್ರಿ?"

"ಇಲ್ಲ," ಎಂದರು.

"ಅಯ್ಯ, ಭಾಳ ನೀರಿತ್ತಂತ್ರಿ," ಎಂದು ಹೇಳಿ ಫೋನು ಇಟ್ಟು, ರೊಟ್ಟಿಗೆ ಹಿಟ್ಟು ಕಲಸಲು ಕೂತೆ.