ಮೂರನೇ ಸಾಲಿನ ತಪ್ಪು

ಜೆ.ಪಿ. ನಗರದ ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ಗಣಿತದ ಮಿಸ್ಸು ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ, ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಒಂದು ತಪ್ಪು ಇಟ್ಟಿದ್ದೀನಿ, ಹುಡುಕ್ರೋ" ಎನ್ನುತ್ತಿದ್ದರು. ಸಂಜೆ ಸೈಬರ್ ಸೆಂಟರಿನಲ್ಲಿ ಕೂತು ತಮ್ಮ ಬ್ಲಾಗಿನಲ್ಲೂ ಹಾಗೆಯೇ ಒಂದು ತಪ್ಪಿಟ್ಟು ಬರೆಯುತ್ತಿದ್ದರು.

"ಟೀಚರಿಗೆ ಯಾಕ್ರೀ ಬೇಕು ಈ ಬ್ಲಾಗು? ಹೆಸರು ಮಾಡ್ಕೊಳ್ಳೋ ಚಟ!" ಎಂದು ಅದನ್ನು ಮುಚ್ಚಿಸಿದ ಹೆಡ್‌ಮಾಸ್ಟರು, ಮರುವರ್ಷ ಅವೇ ಪುಟಗಳನ್ನು ತಮ್ಮ ಹೆಸರಿನಲ್ಲಿ ಹಾಕಿಕೊಂಡರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ವಾರ್ಷಿಕೋತ್ಸವದಲ್ಲಿ ಅದಕ್ಕಾಗಿಯೇ ಹೆಡ್‌ಮಾಸ್ಟರಿಗೆ ಶಾಲು ಹೊದಿಸಿ, ಒಂದು ಪುಟವನ್ನು ಪರದೆಯ ಮೇಲೆ ತೋರಿಸಿದರು. ಹತ್ತನೇ ಕ್ಲಾಸಿನ ಮಕ್ಕಳು ವೇದಿಕೆಗೆ ಬೆನ್ನು ಹಾಕಿ, ಹಿಂದುಗಡೆ ನನ್ನ ಪಕ್ಕ ಕೂತಿದ್ದ ಮಿಸ್ಸಿನ ಕಡೆ ತಿರುಗಿ ಕೂಗಿದರು:

"ಮಿಸ್, ತಪ್ಪು ಮೂರನೇ ಸಾಲಲ್ಲಿದೆ!"

ಸಭೆ ನಕ್ಕಿತು. ಶಾಲು ಮಾತ್ರ ಹೆಡ್‌ಮಾಸ್ಟರ ಹೆಗಲ ಮೇಲೆಯೇ ಉಳಿಯಿತು.