ಕೊಟ್ರಪ್ಪನ ಹೆಸರು

ಬೇವೂರಿನ ಕೊಟ್ರಪ್ಪನನ್ನು ಅವನ ಹೆಂಡತಿ ಕಳಕಮ್ಮ ಮೊದಲ ಸಲ ಹೆಸರು ಹಿಡಿದು ಕೂಗಿದ ದಿನ ಓಣಿಗೆ ಓಣಿಯೇ ಬಾಯಿ ಮೇಲೆ ಕೈ ಇಟ್ಟುಕೊಂಡಿತು. ಆಗಿನ ಕಾಲದ ಹೆಂಗಸು ಗಂಡನ ಹೆಸರನ್ನು ಬಾಯಿ ತಪ್ಪಿಯೂ ಆಡುವವಳಲ್ಲ. ಅದೇ ಹೆಸರಿನ ಕೂಸು ಮನೆಯಲ್ಲಿದ್ದರೂ ಅದನ್ನು ಬೇರೇನೋ ಅಂದು ಕರೆಯುತ್ತಿದ್ದಳು. ಅಂಥದ್ದರಲ್ಲಿ ಈಕೆ ನಡು ಅಂಗಳದಲ್ಲಿ ನಿಂತು, “ಏ ಕೊಟ್ರಪ್ಪಾ, ಎಮ್ಮಿ ಹಗ್ಗ ಹರಕೊಂಡೈತಿ, ಲಗೂನ ಬಾ” ಅಂದಳು. ಹುಡುಗರು ಕಿಸಕ್ಕನೆ ನಕ್ಕರು. ಕೊಟ್ರಪ್ಪ ನಗಲಿಲ್ಲ. ಅದು ನಗುವ ಸಂಗತಿಯೂ ಅಲ್ಲ, ಬಿಡಿ.

ಆದದ್ದು ಇಷ್ಟು. ೧೯೩೮ರ ಮುಂಗಾರಿನ ಮೊದಲ ಮಳೆ. ಮಾಳಿಗೆಯ ಬೆಳಕಿಂಡಿ ಮುಚ್ಚಲೆಂದು ಕಳಕಮ್ಮ ಏಣಿ ಹತ್ತಿದಳು, ಇಳಿಯುವಾಗ ಕಾಲು ಜಾರಿತು. ಕೆಳಗಿದ್ದ ಒರಳಿಗೆ ತಲೆ ಬಡಿಯಿತು. ನಾಲ್ಕು ದಿನ ಪ್ರಜ್ಞೆಯಿಲ್ಲ. ಐದನೆಯ ದಿನ ಕಣ್ಣು ಬಿಟ್ಟು, ತಲೆಯ ಹತ್ತಿರ ಕೂತಿದ್ದ ಗಂಡನನ್ನು ನೋಡಿ, “ಇಂವ ಯಾರು? ನಮ್ಮಪ್ಪ ಎಲ್ಲ್ಯದಾನ?” ಎಂದು ಗೋಡೆಯ ಕಡೆ ಸರಿದಳು. ಅಳವಂಡಿಯ ತವರು, ಅಪ್ಪ, ಅವ್ವ, ತಾನು ಸಾಕಿದ ಕರು, ಎಲ್ಲ ನೆನಪಿತ್ತು. ಮದುವೆಯಾದ ಮೇಲಿನ ನಾಲ್ಕು ವರ್ಷ ಮಾತ್ರ ಒರೆಸಿದಂತೆ ಹೋಗಿತ್ತು. “ಹೋದದ್ದು ಬರ್ತದಂತ ನಂಬಬ್ಯಾಡ್ರಿ. ಹೊಸಾದೂ ಕೆಲವು ದಿನ ನಿಲ್ಲಂಗಿಲ್ಲ. ಸಬೂರಿ ಇರ್ಲಿ” ಎಂದರು ಕೊಪ್ಪಳದ ಡಾಕ್ಟರು.

ಅವಳ ಅಪ್ಪ ಬಂಡಿ ಕಟ್ಟಿಕೊಂಡು ಬಂದು ಅಳವಂಡಿಗೆ ಕರೆದೊಯ್ದ. ಹದಿನೈದು ದಿನಕ್ಕೇ ಮರಳಿ ಕರೆತಂದ. ಕಳಕಮ್ಮನ ಅವ್ವ ಸತ್ತು ಎರಡು ವರ್ಷವಾಗಿತ್ತು, ಆ ಸಾವೂ ಮರೆತದ್ದರಲ್ಲೇ ಸೇರಿಹೋಗಿತ್ತು. “ದಿನಾ ಮುಂಜಾನೆ ಅವ್ವ ಎಲ್ಲಿ ಅಂತ ಕೇಳ್ತಾಳ. ದಿನಾ ಹೇಳಬೇಕು. ದಿನಾ ಹೊಸದಾಗಿ ಅಳ್ತಾಳ. ನನ್ನ ಕೈಲೆ ಆಗವಲ್ದಪಾ” ಎಂದು ಮುದುಕ ಅಳಿಯನ ಮುಂದೆ ತಾನೂ ಅತ್ತ. ಬೇವೂರಿನಲ್ಲಿ ಅವ್ವನನ್ನು ಹುಡುಕುವ ಕಾರಣವಿರಲಿಲ್ಲ. ಹಾಗೆ ಉಳಿದಳು.

ಉಳಿದಳು ಅಂದರೆ, ದೂರದ ನೆಂಟರ ಮನೆಯಲ್ಲಿ ಉಳಿದ ಹಾಗೆ. ಕೊಟ್ರಪ್ಪ ತನ್ನ ಹಾಸಿಗೆಯನ್ನು ದನದ ಕೊಟ್ಟಿಗೆಗೆ ಒಯ್ದ. ಹೆಣ್ತಿಗೆ ಅಂಜಿ ಎತ್ತಿನ ಕೂಡ ಮಲಗ್ಯಾನ ಎಂದು ಊರವರು ಚೇಷ್ಟೆ ಮಾಡಿದರು. ಮಾಡುವವರಿಗೇನು, ಅವರ ಹೆಂಡಂದಿರು ಅವರನ್ನು ಗುರುತು ಹಿಡಿಯುತ್ತಿದ್ದರಲ್ಲ!

ರೊಟ್ಟಿ ಬಡಿಯುವುದನ್ನು ಕಳಕಮ್ಮನ ಕೈ ಮರೆತಿರಲಿಲ್ಲ. ಆದರೆ ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು, ಹಾಲಿಗೆ ಹೆಪ್ಪು ಬೀಳುತ್ತಲೇ ಇರಲಿಲ್ಲ. ಪಕ್ಕದ ಮನೆಯ ಸರ್ದಾರಬೀ ಉಪಾಯ ಹೇಳಿಕೊಟ್ಟಳು: ಉಪ್ಪು ಹಾಕಿದರೆ ಸೆರಗಿಗೆ ಒಂದು ಗಂಟು, ಹೆಪ್ಪು ಹಾಕಿದರೆ ಇನ್ನೊಂದು, ಮಲಗುವಾಗ ಎರಡೂ ಬಿಚ್ಚುವುದು. ಅಡುಗೆ ಸುಧಾರಿಸಿತು. ಕೊಟ್ರಪ್ಪನ ಪಾಡು ಸುಧಾರಿಸಲಿಲ್ಲ. ಒಮ್ಮೆ ಧೈರ್ಯ ಮಾಡಿ, “ನಾ ಯಾರು ಹೇಳು” ಎಂದು ಕೇಳಿದ್ದ. “ನೀ ಕೊಟ್ರಪ್ಪ. ನನ್ನ ಗಂಡ ಅಂತ ಎಲ್ಲಾರೂ ಹೇಳ್ತಾರ” ಅಂದಳು. ಆ ‘ಹೇಳ್ತಾರ’ ಅನ್ನುವುದು ಎದೆಗೆ ನಟ್ಟಿತು. ಅವನು ಮತ್ತೆ ಕೇಳಲಿಲ್ಲ.

ಎರಡೂವರೆ ವರ್ಷ ಹೀಗೆ ಕಳೆಯಿತು. ಕೊಟ್ರಪ್ಪನ ತಾಯಿ ಮುದಕಮ್ಮನಿಗೆ ಸಾಕಾಯಿತು. ಕೆಟ್ಟವಳಲ್ಲ ಆಕೆ, ಸೊಸೆಯ ತಲೆಗೆ ವಾರವಾರವೂ ಎಣ್ಣೆ ತಿಕ್ಕಿದವಳು. ಆದರೂ ಅಂದಳು: “ಗಂಡನ್ನ ಹೆಸರ ಹಿಡದು ಕರಿಯಾಕಿ ಹೆಣ್ತಿ ಹೆಂಗ ಆದಾಳೋ? ಕುಷ್ಟಗ್ಯಾಗ ಒಂದು ಕನ್ಯಾ ನೋಡೀನಿ. ಯುಗಾದಿ ಆದ ಮರುದಿನ ಹೋಗಿ ಮಾತು ಮುಗಿಸೂದು. ಇಕಿನೂ ಮನ್ಯಾಗ ಇರ್ಲಿ, ಯಾರು ಬ್ಯಾಡಂತಾರ?”

“ಒಲ್ಲೆ ಬೇ.”

“ನೀ ತನ್ನ ಗಂಡ ಅಂತ ಆಕಿಗೆ ಒಮ್ಮ್ಯಾರ ಅನಿಸೇತೇನು?”

ಕೊಟ್ರಪ್ಪ ಒಳಗಿನ ಕಡೆ ಕಿವಿಗೊಟ್ಟ. ಕಳಕಮ್ಮ ಒಳಗೆ ಹಾಡಿಕೊಳ್ಳುತ್ತ ಜೋಳ ಹಸನು ಮಾಡುತ್ತಿದ್ದಳು. ಆ ದನಿ ಬಿಟ್ಟರೆ ಬೇರೆ ಹೆಂಗಸಿನ ದನಿ ಈ ಮನೆಯಲ್ಲಿ ಅವನಿಗೆ ಬೇಡವಾಗಿತ್ತು. “ಯುಗಾದಿ ತನಕ ತಡಿ” ಎಂದಷ್ಟೇ ಹೇಳಿ ಹೊಲಕ್ಕೆ ಹೋದ.

ಯುಗಾದಿಗೆ ತಿಂಗಳಿರುವಾಗ ಸರ್ಕಾರದ ಖಾನೇಶುಮಾರಿ ಬಂತು, ಅಂದರೆ ಜನರನ್ನು ಎಣಿಸುವ ಕೆಲಸ. ಕಾಗದದ ಕಟ್ಟು ಹಿಡಿದ ಗುಮಾಸ್ತನೊಬ್ಬ ಕಟ್ಟೆಯ ಮೇಲೆ ಕೂತ. ನೋಡಲು ಸರ್ದಾರಬೀಯೂ ಬಂದಳು. ಕಳಕಮ್ಮ ಬಾಗಿಲಲ್ಲಿ, ಅವಳ ಹಿಂದೆ ಮುದಕಮ್ಮ. ಹೊಲದಿಂದ ಬಂದ ಕೊಟ್ರಪ್ಪ ಎತ್ತುಗಳನ್ನು ಹಿಡಿದು ಬೇವಿನ ಗಿಡದ ಹತ್ತಿರವೇ ನಿಂತ.

“ಮನಿ ಯಜಮಾನನ ಹೆಸರು ಹೇಳವಾ” ಅಂದ ಗುಮಾಸ್ತ.

ಕಳಕಮ್ಮ ಸುಮ್ಮನಿದ್ದಳು.

“ಜಲ್ದಿ ಹೇಳು, ಇನ್ನೂ ನಲವತ್ತು ಮನಿ ಅದಾವು.”

ಆಗಲೂ ಸುಮ್ಮನೆ. ಮುದಕಮ್ಮ ಹಣೆ ಬಡಿದುಕೊಂಡಳು. “ಶಿವನೇ! ಅದೊಂದ ಉಳದಿತ್ತು, ಅದೂ ಹೋತು!”

ಕೊಟ್ರಪ್ಪ ಎತ್ತಿನ ಹಗ್ಗವನ್ನು ಗಿಡಕ್ಕೆ ಸುತ್ತಿದ. ಮತ್ತೆ ಮೊದಲಿನಿಂದಲೇ? ಮತ್ತೆ ‘ಇಂವ ಯಾರು’?

ಕಳಕಮ್ಮ ಸೆರಗನ್ನು ಬಾಯಿಗೆ ಎಳೆದುಕೊಂಡಳು. ಅದರ ತುದಿಯಲ್ಲಿ ಆ ದಿನದ ಎರಡು ಗಂಟೂ ಇದ್ದವು. ಮುಖ ಕೆಂಪಾಗಿತ್ತು. “ಸರ್ದಾರಬೀ, ನೀನಾರ ಹೇಳಬಾರದೇನವಾ? ನನ್ನ ಬಾಯಾಗ ನಾ ಹೆಂಗ ಹೇಳ್ಲಿ?”

ಸರ್ದಾರಬೀ ಒಂದು ಗಳಿಗೆ ಬೆಪ್ಪಾಗಿ ನೋಡಿದಳು, ಆಮೇಲೆ ಗಟ್ಟಿಯಾಗಿ ನಕ್ಕಳು. “ಕೊಟ್ರಪ್ಪ ಅಂತ ಬರಕೋರಿ ಸಾಹೇಬ್ರ!”

“ಈಕಿ ಅವಗ ಏನಾಗಬೇಕು?”

“ಹೆಸರ ಹೇಳಾಕ ನಾಚ್ತಾಳ. ಇನ್ನೇನಾಗಬೇಕ್ರಿ?”

ಕೊಟ್ರಪ್ಪ ಅಲ್ಲೇ ನಿಂತು ಲೆಕ್ಕ ಹಾಕಿದ. ಸಂಕ್ರಾಂತಿಯಿಂದ ಈಚೆ ಅವಳು ಒಂದು ದಿನವೂ ಅವನನ್ನು ಹೆಸರಿಟ್ಟು ಕರೆದಿರಲಿಲ್ಲ. ಮರೆತುಹೋದ ಆ ನಾಲ್ಕು ವರ್ಷ ಮರಳಿ ಬಂದಿರಲಿಲ್ಲ, ಮುಂದೆ ಎಂದೂ ಬರಲೂ ಇಲ್ಲ. ಮದುವೆಯ ದಿನ ಅವಳಿಗೆ ಸಾಯುವ ತನಕ ನೆನಪಾಗಲಿಲ್ಲ. ಮುದಕಮ್ಮ ಮೂಗು ಸೀಟಿಕೊಂಡು, “ಕುಷ್ಟಗಿ ಮಂದಿಗೆ ಬರಾಂಗಿಲ್ಲ ಅಂತ ಹೇಳಿ ಕಳಸಬೇಕು” ಎನ್ನುತ್ತ ಒಳಗೆ ಹೋದಳು.

ಕಳಕಮ್ಮ ಆಗಲೇ ಅವನನ್ನು ಕಂಡದ್ದು. ಸಿಟ್ಟೇ ಬಂತು ಅವಳಿಗೆ.

“ಆಗಿಂದ ಅಲ್ಲೇ ನಿಂತೀರೇನು? ಬಂದು ನಿಮ್ಮ ಹೆಸರ ನೀವ ಹೇಳಾಕ ಏನಾಗಿತ್ತ್ರಿ?”