ಕೆಂಚವೀರಪ್ಪ ಮೇಷ್ಟ್ರು ಹೊಳೆಯೊಡನೆ ಅಖಾಡಕ್ಕಿಳಿದದ್ದು

ದಾವಣಗೆರೆಯ ಸರಸ್ವತಿ ನಗರದಲ್ಲಿ ಬೆಳಗ್ಗೆ ಹಾಲಿನ ಪ್ಯಾಕೆಟ್ ಹಿಡಿದು ಬರುವ ಕೆಂಚವೀರಪ್ಪ ಮೇಷ್ಟ್ರನ್ನು ಕಂಡರೆ ಬೀದಿನಾಯಿಗಳೂ ಎದ್ದು ದಾರಿ ಬಿಡುತ್ತವೆ. ವಯಸ್ಸು ಐವತ್ತೆರಡು, ತೂಕ ತೊಂಬತ್ತೆಂಟು ಕಿಲೋ. ಕುಸ್ತಿಯಲ್ಲಿ ಜಜ್ಜಿಹೋಗಿ ಒಣಗಿದ ಅಂಜೂರದಂತಾದ ಎರಡು ಕಿವಿ, ಅವೆರಡನ್ನೂ ಮುಟ್ಟಬೇಕೆಂದು ಹೊರಟು ಅರ್ಧ ದಾರಿಯಲ್ಲಿ ಸುರುಳಿ ಸುತ್ತಿಕೊಂಡ ಮೀಸೆ. ಪ್ರಾಯದಲ್ಲಿ ಊರ ಗರಡಿಮನೆಯಲ್ಲಿ ಅವರು ಮುರಿದ ಪಕ್ಕೆಲುಬುಗಳು ಹನ್ನೊಂದು. ಹನ್ನೆರಡನೆಯದು ಸ್ವಂತದ್ದು. ಅದು ಮುರಿದ ಮೇಲೆ ಆರು ವಾರ ಹಾಸಿಗೆ ಹಿಡಿದು, ಬೇಸರಕ್ಕೆ ಗಣಿತದ ಪುಸ್ತಕ ತೆರೆದವರು ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರಾಗಿಯೇ ಎದ್ದರು.

ಅವರ ವಿದ್ಯೆ, ನೀರು ಯಾವುದಾದರೂ ಗಟ್ಟಿ ವಸ್ತುವಿಗೆ ಡಿಕ್ಕಿ ಹೊಡೆದಾಗ ಏನಾಗುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಪಾಠ ಮಾಡುವಾಗಲೂ ಗರಡಿಯ ಮಾತೇ. "ನೀರನ್ನ ಲಕ್ಷ ಚೌಕವಾಗಿ ಕತ್ತರಿಸ್ರಿ. ಪ್ರತಿ ಚೌಕವೂ ಒಬ್ಬ ಪೈಲ್ವಾನ. ಪಕ್ಕದವನನ್ನ ನೂಕ್ತಾನೆ, ಜಗ್ಗುತಾನೆ. ನೀರಿಗೆ ಅಂಟು ಐತಲ್ಲ, ಅದಕ್ಕೇ ಒಬ್ಬರನ್ನೊಬ್ಬರು ಬಿಡಲ್ಲ. ವಸ್ತುವಿನ ಮೈಗೆ ತಾಗಿದವನು ಮಾತ್ರ ಮಣ್ಣು ಮೆತ್ತಿದಂಗೆ ಅಲ್ಲೇ ನಿಂತುಬಿಡ್ತಾನೆ." ಎಲ್ಲ ಚೌಕಗಳ ಜಗಳ ಒಂದು ತೀರ್ಮಾನಕ್ಕೆ ಬರುವವರೆಗೂ ಕಂಪ್ಯೂಟರು ಸುತ್ತು ಮೇಲೆ ಸುತ್ತು ಕಾದಾಡಿಸಬೇಕು. ಲ್ಯಾಬಿನ ಕಂಪ್ಯೂಟರು ಹಳೆಯದು, ಮಧ್ಯೆ ಕರೆಂಟು ಬೇರೆ ಹೋಗುತ್ತದೆ. ಹಾಗಾಗಿ ಮೇಷ್ಟ್ರು ಇಪ್ಪತ್ತು ವರ್ಷದಿಂದ ಒಂದು ಪದ್ಧತಿ ನಡೆಸಿಕೊಂಡು ಬಂದಿದ್ದರು. ದುಂಡಗಿನ ವಸ್ತು ಬಂದರೆ ರೊಟ್ಟಿಯಂತೆ ಮಡಿಚಿ ಅರ್ಧಕ್ಕೆ ಮಾತ್ರ ಲೆಕ್ಕ ಹಾಕುವುದು. ಎಡಗಡೆಯಂತೆಯೇ ಬಲಗಡೆ. ಅರ್ಧ ದಿನ ಉಳಿಯಿತು.

ಹೀಗಿರುವಾಗ ಕರೂರು ಕೈಗಾರಿಕಾ ಪ್ರದೇಶದ ವೆಲ್ಡಿಂಗ್ ಶೆಡ್ಡಿನ ಅತೀಕ್ ಬಂದ. ಹರಿಹರದ ಹತ್ತಿರ ಹೊಳೆಯಿಂದ ನೀರೆತ್ತುವ ರೈತರು ನೀರಿನ ಮಟ್ಟ ಅಳೆಯಲು ಹೊಳೆಯೊಳಗೆ ಕಂಬವೊಂದನ್ನು ಬಯಸಿದ್ದರು. ನಾಲ್ಕಿಂಚಿನ ಉಕ್ಕಿನ ಪೈಪು, ಹತ್ತಲು ಮೆಟ್ಟಿಲು, ಮೇಲೊಂದು ಕೂರುವ ಹಲಗೆ. ತೆಪ್ಪ ಹಾಕಿ ಮೀನು ಹಿಡಿಯುವ ಕಾಟಪ್ಪ ದಿನಾ ಹತ್ತಿ ಮಟ್ಟ ನೋಡಿ ಬರಬೇಕು. "ಕಂಬ ತಡೀತದಾ ನೋಡ್ರಿ ಸಾಬ್, ಮೇಲೆ ಮನಷಾ ಕೂರ್ತಾನೆ," ಎಂದ ಅತೀಕ್.

ಮೇಷ್ಟ್ರು ಮಡಿಚಿದರು, ಲೆಕ್ಕ ಹಾಕಿದರು, ಬರೆದುಕೊಟ್ಟರು: ನೀರು ಕಂಬವನ್ನು ಹಿಂದಕ್ಕೆ ಒತ್ತುತ್ತದೆ, ಅಷ್ಟೇ, ಅಲುಗಾಟವಿಲ್ಲ.

ಕಂಬ ನೆಟ್ಟು ನಾಲ್ಕು ದಿನವಾದರೂ ಕಾಟಪ್ಪ ಹತ್ತಲಿಲ್ಲ. ಮೇಷ್ಟ್ರು ಸ್ಕೂಟರಿನಲ್ಲಿ ಹರಿಹರಕ್ಕೆ ದಂಡೆತ್ತಿ ಹೋದರು.

"ಯಾಕ ಹತ್ತಲ್ಲ ನೀನು?"

"ಕಂಬದ ಬೆನ್ನಿಂದೆ ನೀರು ಸುಮ್ನಿರಲ್ರಿ ಮೇಷ್ಟ್ರೇ. ಎಡಕ್ಕೊಂದು ಸುಳಿ ಬಿಡ್ತೈತೆ, ಆಮ್ಯಾಕ ಬಲಕ್ಕೊಂದು. ತೆಪ್ಪದ ಗಳ ಊರಿದ್ರೆ ಕೈಗೇ ಗೊತ್ತಾಗ್ತೈತೆ, ಒದ್ದಾಡ್ತೈತೆ."

"ಎರಡು ಲಕ್ಷ ಚೌಕ ಹಾಕೀನಿ ಮಾರಾಯ! ಒಂದು ಸುಳೀನೂ ಅಲ್ಲಾಡಿಲ್ಲ."

"ನಿಮ್ಮ ಚೌಕಕ್ಕ ಈಜು ಬರ್ತೈತೇನ್ರಿ? ನನಗೆ ಬರ್ತೈತೆ, ಆದ್ರೂ ನಾ ಹತ್ತಲ್ಲ."

ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ನಕ್ಕರು. ಮೇಷ್ಟ್ರು ತೊಡೆ ತಟ್ಟಿದರು. "ನಾನೇ ಹತ್ತುತೀನಿ. ಅಲ್ಲಾಡಿದ್ರೆ ಈ ಮೀಸೆ ನಿನ್ನ ಕೈಲೇ ಬೋಳಿಸ್ಕೊಂತೀನಿ. ಅಲ್ಲಾಡದಿದ್ರೆ ನಾಳೆಯಿಂದ ನೀನು ಹತ್ತಬೇಕು."

ತೆಪ್ಪದಿಂದ ಕಂಬಕ್ಕೆ ಹಾರಿ, ಮೆಟ್ಟಿಲೇರಿ, ಹಲಗೆಯ ಮೇಲೆ ಪಟ್ಟಾಭಿಷೇಕಕ್ಕೆ ಕೂತಂತೆ ಕೂತರು. ಹೊಳೆಯೂ ತುಂಬಿರಲಿಲ್ಲ, ಸಂಜೆ ವಾಕಿಂಗ್ ಹೊರಟವರಂತೆ ಹರಿಯುತ್ತಿತ್ತು. ಮೇಷ್ಟ್ರು ಮೀಸೆಗೆ ಕೈ ಹಾಕಿದರು.

ಅಷ್ಟರಲ್ಲಿ ಯಾರೋ ಎಡ ಸೊಂಟಕ್ಕೆ ಮೆಲ್ಲಗೆ ನೂಕಿದಂತಾಯಿತು. ಆಮೇಲೆ ಬಲ ಸೊಂಟಕ್ಕೆ. ಸೆಕೆಂಡಿಗೆ ಎಡಕ್ಕೊಂದು, ಬಲಕ್ಕೊಂದು. ಹತ್ತನೆಯ ಒದೆತಕ್ಕೆ ಒಂದು ಗೇಣು, ಇಪ್ಪತ್ತನೆಯದಕ್ಕೆ ಒಂದು ಮೊಳ. ಕಂಬವು ಮೇಷ್ಟ್ರನ್ನು ಅಗಸ ಬಟ್ಟೆ ಬೀಸುವಂತೆ ಬೀಸತೊಡಗಿತು. ಹಲಗೆ ಪಕ್ಕೆಗೆ ಬಡಿಯಿತು. ಅಪ್ಪಿ ಹಿಡಿದರೆ ಪೈಪು ಮೂಗಿಗೇ ಗುದ್ದಿತು. ರಕ್ತ ಚಿಮ್ಮಿ ಬಿಳಿ ಅಂಗಿಯ ಮೇಲೆ ಹರಿಯಿತು. ಒಂದು ಹಲ್ಲು ಸಡಿಲಾಯಿತು, ಮುಂದಿನ ಒದೆತಕ್ಕೆ ಹೊಳೆಗೆ ಬಿತ್ತು. ಗರಡಿಯಲ್ಲಿ ಕಲಿತ ಅಷ್ಟೂ ಪಟ್ಟು ಹಾಕಿದರು, ಕಾಲು ಸುತ್ತಿದರು, ಕತ್ತು ಹಿಡಿದರು. ಪೈಪಿಗೆ ಕತ್ತಿರಲಿಲ್ಲ. ಆ ಸ್ಥಿತಿಯಲ್ಲೂ ಮೇಷ್ಟ್ರು ಮೇಷ್ಟ್ರೇ. "ಮೂವತ್ತೊಂದು, ಮೂವತ್ತೆರಡು," ಎಂದು ಒದೆತಗಳನ್ನು ಎಣಿಸುತ್ತಿದ್ದರು. ಮೂವತ್ಮೂರನೆಯದು ಅವರನ್ನು ಬೇರುಸಹಿತ ಕಿತ್ತು ಹೊಳೆಗೆಸೆಯಿತು.

ಕಾಟಪ್ಪ ಜುಟ್ಟು ಹಿಡಿದು ತೆಪ್ಪಕ್ಕೆ ಎಳೆದುಕೊಂಡ. ಮುಳುಗುವವನು ಹಿಡಿದವನನ್ನೂ ಮುಳುಗಿಸುತ್ತಾನಲ್ಲ, ಮೇಷ್ಟ್ರೂ ಅಭ್ಯಾಸಬಲದಿಂದ ಅವನ ಕತ್ತಿಗೆ ಪಟ್ಟು ಹಾಕಿದ್ದರು. ಕಾಟಪ್ಪ ಕಪಾಳಕ್ಕೆ ಎರಡು ಬಾರಿಸಿ ಬಿಡಿಸಿಕೊಂಡ.

"ಎಡಕ್ಕೊಂದು, ಬಲಕ್ಕೊಂದು. ಲೆಕ್ಕ ಸರಿ ಬಂತೇನ್ರಿ?"

ದಡದ ಮರಳಿನಲ್ಲಿ ಮಲಗಿ ನೀರು ಕಕ್ಕುತ್ತಿದ್ದಾಗಲೇ ಮೇಷ್ಟ್ರಿಗೆ ಎಲ್ಲ ಹೊಳೆಯಿತು. ಕಂಬದ ಬೆನ್ನ ಹಿಂದೆ ಎರಡು ಸುಳಿಗಳು ಒಂದರ ಮೇಲೊಂದು ಬಿದ್ದು ಕಾದಾಡುತ್ತವೆ. ಒಂದು ಕಿತ್ತುಕೊಂಡು ಹೋದಾಗ ಕಂಬಕ್ಕೊಂದು ಒದೆತ. ತಾವೋ ನೀರನ್ನು ಮಡಿಚಿ ನಟ್ಟನಡುವೆ ಗೋಡೆ ಎಬ್ಬಿಸಿದ್ದರು. ಇಬ್ಬರು ಜಟ್ಟಿಗಳ ಮಧ್ಯೆ ಗೋಡೆ ಕಟ್ಟಿ, ಇಂದು ಕುಸ್ತಿ ನಡೆಯಲಿಲ್ಲವೆಂದು ಬರೆದುಕೊಟ್ಟಿದ್ದರು! ಬರಿಯ ಕಂಬ ಬೇಗ ಬೇಗ ತೂಗುವಂಥದ್ದು, ಆದ್ದರಿಂದ ನಾಲ್ಕು ದಿನ ಬಚಾವಾಗಿತ್ತು. ತೊಂಬತ್ತೆಂಟು ಕಿಲೋ ಮೇಲೆ ಕೂತದ್ದೇ ಅದರ ತೂಗಾಟ ನಿಧಾನವಾಗಿ ನೀರಿನ ಒದೆತದ ತಾಳಕ್ಕೆ ಸರಿಯಾಗಿ ಕೂಡಿತು. ಹಗುರ ಕಾಟಪ್ಪ ಕೂತಿದ್ದರೆ ಹೊಳೆ ಇನ್ನೂ ಜೋರಾದ ದಿನ ಇದೇ ಗತಿ. ಆಗ ತೆಪ್ಪ ತಂದು ಎತ್ತುವವರು ಯಾರೂ ಇರುತ್ತಿರಲಿಲ್ಲ. ಮೇಷ್ಟ್ರಿಗೆ ಹಲ್ಲು ಹೋದದ್ದಕ್ಕಿಂತ ಇದು ಹೆಚ್ಚು ನೋವು ಕೊಟ್ಟಿತು.

"ಬ್ಲೇಡು ತಗಂಬಾ," ಎಂದರು ಕಾಟಪ್ಪನಿಗೆ.

ಕಾಟಪ್ಪ ಬಲಮೀಸೆಯನ್ನು ಬುಡಕ್ಕೆ ತೆಗೆದು ಬ್ಲೇಡನ್ನು ಕಾಗದದಲ್ಲಿ ಮಡಿಚಿಟ್ಟ.

"ಇನ್ನೊಂದು ಕಡೆ?"

"ಯಾಕ್ರಿ? ನಿಮ್ಮ ಲೆಕ್ಕದ ಪ್ರಕಾರ ಆ ಕಡೇದೂ ಈ ಕಡೇದರಂಗೇ ಇರ್ತೈತಲ್ಲ!"

ಹಾಗೆ ಏಕಪಾರ್ಶ್ವ ಮೀಸೆಯ ಮೇಷ್ಟ್ರು ಸ್ಕೂಟರಿನಲ್ಲಿ ದಾವಣಗೆರೆ ಪ್ರವೇಶಿಸಿದರು. ಬಾಗಿಲು ತೆಗೆದ ಹೆಂಡತಿ ವಾಣಿ ಊದಿದ ಮೂಗು ನೋಡಿ, ಮೀಸೆ ನೋಡಿ, "ಇನ್ನರ್ಧ ಯಾರ ಹತ್ರ ಐತ್ರೀ?" ಎಂದಳು.

"ಕಾಟಪ್ಪ ಕಂಬ ಹತ್ತೋತನಕ ಇದು ಹಿಂಗೇ ಇರ್ಲಿ."

ಇದ್ದಿತು. ಕ್ಲಾಸಿನಲ್ಲಿ ಹಿಂದಿನ ಬೆಂಚು ಕೇಕೆ ಹಾಕಿತು, ಮೇಷ್ಟ್ರು ಸಹಿಸಿದರು. ಈ ಸಲ ಮಡಿಚದೆ, ಇಡೀ ಹೊಳೆಯನ್ನು ಹಾಸಿ ಆರು ದಿನ ಲೆಕ್ಕ ಓಡಿಸಿದರು. ಸುಳಿಗಳು ಪರದೆಯ ಮೇಲೆ ಎಡಕ್ಕೊಂದು ಬಲಕ್ಕೊಂದು ಕಿತ್ತುಬಂದವು, ಸೆಕೆಂಡಿಗೆ ಒಂದೊಂದು. ಮೇಷ್ಟ್ರ ಪಕ್ಕೆಗಳು ಸಾಕ್ಷಿ ನುಡಿದವು. ಆಮೇಲೆ ಅತೀಕ್ ಪೈಪಿನ ಮೈಗೆ ಹಾವು ಸುತ್ತಿದಂತೆ ಉಕ್ಕಿನ ಪಟ್ಟಿ ವೆಲ್ಡ್ ಮಾಡಿದ. ಸುಳಿ ಒಟ್ಟಾಗಿ ಕಿತ್ತುಹೋಗದೆ ಚೂರುಚೂರಾಗಲಿ ಎಂದು.

ಮೊದಲು ಮೇಷ್ಟ್ರೇ ಹತ್ತಿದರು, ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು ಇಳಿದರು. ಆಮೇಲೆ ಕಾಟಪ್ಪ ಹತ್ತಿದ. ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದ. ಮೇಷ್ಟ್ರು ದಡದಿಂದ ಬೀಡಿಯನ್ನೇ ನೋಡುತ್ತಿದ್ದರು. ಬೂದಿ ಅರ್ಧ ಬೆರಳುದ್ದ ಬೆಳೆಯಿತು, ಉದುರಲಿಲ್ಲ.

"ಮೇಷ್ಟ್ರೇ," ಮೇಲಿನಿಂದ ಕೂಗಿದ ಕಾಟಪ್ಪ, "ಮೀಸೆ ಬಿಡ್ರಿ ಇನ್ನ!"